ಅಮೆರಿಕದಲ್ಲಿ ಕಾಗದಪತ್ರವಿಲ್ಲದೆ ಉಳಿದ ಮಗ ಅಥವಾ ಮಗಳು: ಮಲೆನಾಡಿನ ಮನೆಯವರು ಮಾಡಬೇಕಾದ ಕೆಲಸಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ "ಮಗ ಅಮೆರಿಕದಲ್ಲಿದ್ದಾನೆ" ಎಂದ ಮೇಲೆ ಬಂದವರು ಮುಂದೇನೂ ಕೇಳುವುದಿಲ್ಲ. ಹದಿನೈದು ವರ್ಷ ಕಳೆದಿರುತ್ತದೆ. ಆತ ತಂಗಿಯ ಮದುವೆಗೆ ಬಂದಿಲ್ಲ, ಅಜ್ಜಿಯ ವೈಕುಂಠ ಸಮಾರಾಧನೆಗೂ ಬಂದಿಲ್ಲ. ರಜೆ ಸಿಗಲಿಲ್ಲವಂತೆ ಎಂದು ಮನೆಯವರು ಹೇಳುತ್ತಾರೆ. ನನ್ನ ದೊಡ್ಡಮ್ಮನ ಮನೆಯಲ್ಲಿಯೂ ಹನ್ನೊಂದು ವರ್ಷ ಇದೇ ಮಾತು ನಡೆದಿತ್ತು. ಕೆಲಸ ಹೋಗಿ ವೀಸಾದ ಆಧಾರವೇ ಇಲ್ಲದಂತಾಗಿದೆ, ಹೊರಟರೆ ಮರಳಿ ಹೆಂಡತಿ ಮಕ್ಕಳ ಬಳಿಗೆ ಹೋಗಲಾಗದು ಎಂಬುದನ್ನು ಅಣ್ಣ ಯಾರಿಗೂ ಹೇಳಿರಲಿಲ್ಲ. ಹೇಳದೇ ಇದ್ದುದರಿಂದ ಆದ ನಷ್ಟ, ಕಾಗದವಿಲ್ಲದ್ದರಿಂದ ಆದ ನಷ್ಟಕ್ಕಿಂತ ಕಡಿಮೆಯೇನಲ್ಲ. 2025ರ ಫೆಬ್ರುವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದ ದಿನ ದೊಡ್ಡಮ್ಮ ಇಡೀ ರಾತ್ರಿ ಟಿವಿಯ ಮುಂದೆ ಕುಳಿತಿದ್ದರು. ಇಂತಹ ಮನೆಗಳಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇಲ್ಲಿರುವುದು ತಿಳಿವಳಿಕೆಯೇ ಹೊರತು ಯಾರೊಬ್ಬರ ಪ್ರಕರಣಕ್ಕೆ ಕೊಟ್ಟ ಕಾನೂನು ಸಲಹೆಯಲ್ಲ. ನಿರ್ಧಾರಕ್ಕೆ ಮೊದಲು ಅಲ್ಲಿನ ವಲಸೆ ವಕೀಲರನ್ನು ಕೇಳಲೇಬೇಕು.

ಮೊದಲ ಹೆಜ್ಜೆ: ಸ್ಥಿತಿ ನಿಖರವಾಗಿ ಏನೆಂದು ತಿಳಿದುಕೊಳ್ಳಿ

"ಪೇಪರ್ ಸರಿಯಿಲ್ಲ" ಎಂಬ ಒಂದು ಮಾತಿನಡಿ ಹತ್ತು ಬಗೆಯ ಸ್ಥಿತಿಗಳಿರುತ್ತವೆ. ಬೈಯುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ ಎಂದು ಮೊದಲೇ ಹೇಳಿ ಸಮಾಧಾನದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಿ: ಅಮೆರಿಕಕ್ಕೆ ಹೋಗುವಾಗ ವೀಸಾ ತೋರಿಸಿ ಅಧಿಕಾರಿಯ ಮುಂದೆ ಹಾದು ಹೋದೆಯಾ, ಅಥವಾ ಗಡಿಯನ್ನು ಬೇರೆ ರೀತಿಯಲ್ಲಿ ದಾಟಿದೆಯಾ? ಐ-94 ಎಂಬ ಪ್ರವೇಶ ದಾಖಲೆಯಲ್ಲಿ ಯಾವ ದಿನಾಂಕವಿದೆ? ನಿನ್ನ ಹೆಸರಿನಲ್ಲಿ ಯಾರಾದರೂ, ಯಾವಾಗಲಾದರೂ ಅರ್ಜಿ ಹಾಕಿದ್ದಾರೆಯೇ? ವಲಸೆ ನ್ಯಾಯಾಲಯದಿಂದ ನೋಟಿಸು ಬಂದಿದೆಯೇ?

ಇವುಗಳಲ್ಲಿ ಮೊದಲನೆಯದೇ ಅತ್ಯಂತ ಮುಖ್ಯ. ವೀಸಾ ತೋರಿಸಿ ಒಳಗೆ ಹೋಗಿ ಅವಧಿ ಮೀರಿ ಉಳಿದವರಿಗೆ ತೆರೆದಿರುವ ಕೆಲವು ದಾರಿಗಳು, ತಪಾಸಣೆಯಿಲ್ಲದೆ ಗಡಿ ದಾಟಿದವರಿಗೆ ಮುಚ್ಚಿರುತ್ತವೆ. ನಮ್ಮ ಕಡೆಯಿಂದ ಓದಲೆಂದೋ ಸಾಫ್ಟ್‌ವೇರ್ ಕೆಲಸಕ್ಕೆಂದೋ ಹೋದವರು ಸಾಮಾನ್ಯವಾಗಿ ಮೊದಲನೆಯ ಗುಂಪಿನವರೇ ಆಗಿರುತ್ತಾರೆ.

ಐ-94ರ ದಿನಾಂಕವನ್ನು ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ದಿನಾಂಕದೊಂದಿಗೆ ಬೆರೆಸಬಾರದು. ವೀಸಾ ಬಾಗಿಲವರೆಗೆ ಬರಲು ಕೊಟ್ಟ ಅನುಮತಿ. ಎಷ್ಟು ದಿನ ಒಳಗಿರಬಹುದು ಎಂಬುದನ್ನು ಹೇಳುವುದು ಐ-94. ವಿದ್ಯಾರ್ಥಿ ವೀಸಾದಲ್ಲಿ ಹೋದ ಅನೇಕರಿಗೆ ಅದರಲ್ಲಿ ದಿನಾಂಕದ ಬದಲು 'ಡಿ/ಎಸ್' ಎಂದು ಬರೆದಿರುತ್ತದೆ. ಅಂದರೆ ವಿದ್ಯಾರ್ಥಿಯ ಸ್ಥಿತಿ ಇರುವವರೆಗೆ ಎಂದರ್ಥ. ಇಂಥವರು ಓದು ಬಿಟ್ಟು ಸ್ಥಿತಿ ಕಳೆದುಕೊಂಡಿದ್ದರೂ, ಮುಂದೆ ಹೇಳುವ ಅಕ್ರಮ ವಾಸದ ಲೆಕ್ಕ ವಲಸೆ ಇಲಾಖೆಯಾಗಲಿ ನ್ಯಾಯಾಧೀಶರಾಗಲಿ ತೀರ್ಮಾನಿಸಿದ ಮೇಲಷ್ಟೇ ಆರಂಭವಾಗುವುದು ಈವರೆಗಿನ ಪದ್ಧತಿ. ಈ ಎರಡಕ್ಷರ ಒಂದು ಕುಟುಂಬದ ಭವಿಷ್ಯವನ್ನೇ ಬದಲಿಸಬಲ್ಲದು. ಆದ್ದರಿಂದ ಆ ದಾಖಲೆಯ ಪ್ರತಿಯೊಂದನ್ನು ತರಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.

ಎರಡನೆಯದು: "ಒಂದು ಸಲ ಬಂದು ಹೋಗು" ಎನ್ನುವ ಮೊದಲು

ತಂದೆ ತಾಯಿಯರು ಪ್ರೀತಿಯಿಂದಲೇ ಹೇಳುವ ಈ ಮಾತು ಕಾನೂನಿನ ಲೆಕ್ಕದಲ್ಲಿ ಅತ್ಯಂತ ದುಬಾರಿಯಾದ ಮಾತು. 1996ರಲ್ಲಿ ಅಮೆರಿಕದ ಸಂಸತ್ತು ಮಾಡಿದ ತಿದ್ದುಪಡಿಯ ಪ್ರಕಾರ, 180 ದಿನಕ್ಕಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಅಕ್ರಮವಾಗಿ ಉಳಿದು ದೇಶ ಬಿಟ್ಟವರು ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದು ಬಿಟ್ಟವರು ಹತ್ತು ವರ್ಷ ಮರಳಿ ಪ್ರವೇಶ ಪಡೆಯುವಂತಿಲ್ಲ. ಹದಿನೆಂಟು ವರ್ಷ ತುಂಬುವ ಮೊದಲಿನ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ನಿರ್ಬಂಧ ಅಲ್ಲಿ ಉಳಿದಿರುವಾಗ ಜಾರಿಗೆ ಬರುವುದಿಲ್ಲ, ದೇಶ ಬಿಟ್ಟ ಕ್ಷಣದಲ್ಲಿ ಜಾರಿಗೆ ಬರುತ್ತದೆ. ಹೊರಡುವುದೇ ಶಿಕ್ಷೆಗೆ ಕಾರಣವಾಗುವ ಈ ವ್ಯವಸ್ಥೆಯಿಂದಾಗಿ ಲಕ್ಷಾಂತರ ಜನ ಹೊರಡದೆ ಉಳಿದಿದ್ದಾರೆ, ಮತ್ತು ನಮ್ಮೂರಿನ ಹಿರಿಯರು ಅದನ್ನು ಮಕ್ಕಳ ನಿರ್ದಯತೆ ಎಂದು ತಿಳಿದು ಕೊರಗಿದ್ದಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಕಂಪನಿ ಕೆಲಸದ ವೀಸಾದಲ್ಲಿ 2004ರಲ್ಲಿ ಹೋದ ಒಬ್ಬಾತ 2009ರಲ್ಲಿ ಸ್ಥಿತಿ ಕಳೆದುಕೊಂಡ ಎನ್ನಿ. ಅವನ ಮಗಳು 2008ರಲ್ಲಿ ಅಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. 2029ರಲ್ಲಿ ಅವಳಿಗೆ ಇಪ್ಪತ್ತೊಂದು ತುಂಬಿದಾಗ ಅವಳು ತಂದೆಗಾಗಿ ಅರ್ಜಿ ಹಾಕಬಹುದು. ವೀಸಾ ತೋರಿಸಿ ಪ್ರವೇಶಿಸಿದ್ದ ತಂದೆ ಅಲ್ಲೇ ಇದ್ದುಕೊಂಡು ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಆಗಿ ವಾಸಿಸುವ ಅನುಮತಿ) ಕೋರಬಹುದು. ಅವಧಿ ಮೀರಿ ಉಳಿದದ್ದಷ್ಟೇ ಆಗ ಅಡ್ಡಿಯಾಗುವುದಿಲ್ಲ. ಆದರೆ ಅವನು 2027ರಲ್ಲಿ ತಂದೆಯ ಸಹಸ್ರಚಂದ್ರ ದರ್ಶನ ಶಾಂತಿಗೆಂದು ಊರಿಗೆ ಬಂದನೆನ್ನಿ. ಹತ್ತು ವರ್ಷದ ನಿರ್ಬಂಧ ಅಂದೇ ಆರಂಭವಾಗಿ 2037ರವರೆಗೆ ನಡೆಯುತ್ತದೆ. ನಿರ್ಬಂಧದಿಂದ ವಿನಾಯಿತಿ ಕೋರಲು ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆದ ಗಂಡ, ಹೆಂಡತಿ ಅಥವಾ ತಂದೆತಾಯಿಯ ಕಷ್ಟವನ್ನು ತೋರಿಸಬೇಕು; ಮಗಳ ಕಷ್ಟ ಆ ಲೆಕ್ಕಕ್ಕೆ ಬರುವುದಿಲ್ಲ. ತೀರ್ಥಹಳ್ಳಿಯಲ್ಲಿರುವ ತಂದೆತಾಯಿಯ ಕಷ್ಟವೂ ಬರುವುದಿಲ್ಲ. ಎರಡು ವರ್ಷ ಕಾದಿದ್ದರೆ ಸಿಗಬಹುದಾಗಿದ್ದುದು ಮೂರು ದಿನದ ಕಾರ್ಯಕ್ಕಾಗಿ ಕೈತಪ್ಪಿದಂತಾಯಿತು.

ಬರಲೇಬಾರದು ಎಂದು ನಾನು ಹೇಳುತ್ತಿಲ್ಲ. ಸಾಯುವ ಹೊತ್ತಿಗೆ ತಾಯಿಯ ಪಕ್ಕದಲ್ಲಿರಬೇಕು ಎಂದು ತೀರ್ಮಾನಿಸಿ, ಮುಂದಿನದೆಲ್ಲವನ್ನೂ ತಿಳಿದೇ ಹೊರಟು ಬಂದವರಿದ್ದಾರೆ, ಅವರ ನಿರ್ಧಾರ ಗೌರವಕ್ಕೆ ಅರ್ಹವಾದದ್ದು. ತಿಳಿದು ಮಾಡಲಿ, ಒತ್ತಾಯಕ್ಕೆ ಮಣಿದು ಮಾಡದಿರಲಿ ಎಂಬುದಷ್ಟೇ ನನ್ನ ಕೋರಿಕೆ.

ಮೂರನೆಯದು: ದಾರಿಗಳು ಯಾವುವು, ಸುಳ್ಳು ದಾರಿಗಳು ಯಾವುವು

ಇಪ್ಪತ್ತೊಂದು ತುಂಬಿದ ಪ್ರಜೆ ಮಗುವಿನಂತೆಯೇ ಅಮೆರಿಕದ ಪ್ರಜೆಯಾದ ಗಂಡ ಅಥವಾ ಹೆಂಡತಿಯೂ ಅರ್ಜಿ ಹಾಕಬಹುದು. ಇಲ್ಲಿ ನಮ್ಮ ಸಂಬಂಧ ಹುಡುಕುವವರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. "ಹುಡುಗಿಗೆ ಗ್ರೀನ್ ಕಾರ್ಡ್ ಇದೆ, ಎಲ್ಲವೂ ಸರಿಹೋಗುತ್ತದೆ" ಎಂದು ಮಾತಾಡುತ್ತಾರೆ. ಗ್ರೀನ್ ಕಾರ್ಡ್ ಇರುವುದಕ್ಕೂ ಪ್ರಜೆಯಾಗಿರುವುದಕ್ಕೂ ವ್ಯತ್ಯಾಸವಿದೆ. ಅವಧಿ ಮೀರಿ ಉಳಿದವನು ಗ್ರೀನ್ ಕಾರ್ಡ್ ಹೊಂದಿದವಳ ಗಂಡನೆಂಬ ಆಧಾರದ ಮೇಲೆ ಸಾಮಾನ್ಯವಾಗಿ ಅಲ್ಲಿದ್ದುಕೊಂಡೇ ಸ್ಥಿತಿ ಬದಲಿಸಿಕೊಳ್ಳಲಾಗದು, ಅವಳು ಪ್ರಜೆಯಾಗುವವರೆಗೆ ಕಾಯಬೇಕು. ಇದಕ್ಕಿಂತ ಕೆಟ್ಟದ್ದು, ವಿಷಯವನ್ನು ಮುಚ್ಚಿಟ್ಟು ಇಲ್ಲಿಂದಲೇ ಹೆಣ್ಣು ತರುವುದು. ಸ್ಥಿತಿಯಿಲ್ಲದವನ ಹೆಂಡತಿಗೆ ಅವಲಂಬಿತ ವೀಸಾ ಸಿಗುವ ದಾರಿಯೇ ಇಲ್ಲ. ಮದುವೆಯಾದ ಹುಡುಗಿ ಸೊರಬದ ಅತ್ತೆಮನೆಯಲ್ಲಿ ವರ್ಷಗಟ್ಟಲೆ ಫೋನಿನಲ್ಲೇ ಸಂಸಾರ ಮಾಡಬೇಕಾಗುತ್ತದೆ. ಹೆಣ್ಣಿನ ಮನೆಯವರಿಗೆ ನಿಶ್ಚಿತಾರ್ಥಕ್ಕೆ ಮೊದಲೇ ನಿಜವನ್ನು ಹೇಳಿ. ಗ್ರೀನ್ ಕಾರ್ಡಿಗಾಗಿ ಹೆಸರಿಗಷ್ಟೇ ಮಾಡುವ ಮದುವೆಯ ಬಗ್ಗೆ ಒಂದೇ ಮಾತು: ಅದು ಸಾಬೀತಾದರೆ ಮುಂದೆ ನಿಜವಾದ ಮದುವೆಯ ಆಧಾರದ ಅರ್ಜಿಯೂ ಒಪ್ಪಿಗೆಯಾಗುವುದಿಲ್ಲ.

ಹಳೆಯ ಅರ್ಜಿಗಳನ್ನು ಕೆದಕಿ ನೋಡಿ ಎಂದದ್ದಕ್ಕೂ ಕಾರಣವಿದೆ. 2001ರ ಏಪ್ರಿಲ್ 30 ಅಥವಾ ಅದಕ್ಕೆ ಮೊದಲು ಅಣ್ಣನೋ ಅಕ್ಕನೋ ಉದ್ಯೋಗ ಕೊಟ್ಟವರೋ ಅರ್ಜಿ ಸಲ್ಲಿಸಿದ್ದರೆ, ದಂಡ ಕಟ್ಟಿ ಅಲ್ಲಿದ್ದುಕೊಂಡೇ ಸ್ಥಿತಿ ಸರಿಪಡಿಸಿಕೊಳ್ಳುವ ಒಂದು ಹಳೆಯ ಕಲಮು ಇಂದಿಗೂ ನೆರವಿಗೆ ಬರಬಹುದು. ಮರೆತುಹೋದ ಆ ಅರ್ಜಿಯ ರಸೀದಿ ಇಲ್ಲಿನ ಮನೆಯ ಟ್ರಂಕಿನಲ್ಲೇ ಇರಬಹುದು.

ಇನ್ನೊಂದು, "ಹತ್ತು ವರ್ಷವಾದರೆ ಗ್ರೀನ್ ಕಾರ್ಡ್ ಕೊಡುತ್ತಾರೆ" ಎಂಬ ಮಾತು. ಅಂತಹ ವೀಸಾ ಯಾವುದೂ ಇಲ್ಲ. ಗಡೀಪಾರು ಪ್ರಕರಣದಲ್ಲಿ ಸಿಲುಕಿದವರು ನ್ಯಾಯಾಧೀಶರ ಮುಂದೆ ಮಾತ್ರ ಕೋರಬಹುದಾದ ಒಂದು ಪರಿಹಾರವಿದೆ: ಹತ್ತು ವರ್ಷ ಸತತ ವಾಸ, ಒಳ್ಳೆಯ ನಡತೆ, ಮತ್ತು ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆದ ಸಂಗಾತಿ, ಮಗು ಅಥವಾ ತಂದೆತಾಯಿಗೆ ಅಸಾಧಾರಣವಾದ ಕಷ್ಟವಾಗುತ್ತದೆ ಎಂಬುದಕ್ಕೆ ಪುರಾವೆ. ಇದರಲ್ಲಿ ಮಗುವಿನ ಕಷ್ಟ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ 4,000 ಜನರಿಗೆ ಮಾತ್ರ ಎಂಬ ಮಿತಿಯಿದೆ. ಸೋತರೆ ಸಿಗುವುದು ಗಡೀಪಾರಿನ ಆದೇಶ. ಕೆಲವು ದಲ್ಲಾಳಿಗಳು ಗಿರಾಕಿಗೆ ತಿಳಿಸದೆಯೇ ಊರಿಗೆ ಮರಳಿದರೆ ಕಿರುಕುಳವಾಗುತ್ತದೆ ಎಂಬ ಸುಳ್ಳು ಆಶ್ರಯದ ಅರ್ಜಿ ಹಾಕಿ, ಅವರನ್ನು ನ್ಯಾಯಾಲಯಕ್ಕೆ ತಳ್ಳಿ, ಇದನ್ನೇ "ಹತ್ತು ವರ್ಷದ ವೀಸಾ" ಎಂದು ಮಾರುತ್ತಾರೆ. ಆಶ್ರಯದ ಅರ್ಜಿಯನ್ನು ಸಾಮಾನ್ಯವಾಗಿ ಅಮೆರಿಕ ತಲುಪಿದ ಒಂದು ವರ್ಷದೊಳಗೆ ಹಾಕಬೇಕು. ಬೇಕೆಂದೇ ಕಟ್ಟಿದ ಸುಳ್ಳು ಎಂದು ತೀರ್ಮಾನವಾದರೆ ವಲಸೆಯ ಎಲ್ಲ ಸೌಲಭ್ಯಗಳಿಗೂ ಶಾಶ್ವತ ತಡೆ ಬೀಳುತ್ತದೆ. ಅಮೆರಿಕದಲ್ಲಿ ನೋಟರಿ ಎಂದರೆ ವಕೀಲರಲ್ಲ. ವಕೀಲರ ಹೆಸರು ಯಾವುದಾದರೂ ರಾಜ್ಯದ ವಕೀಲರ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಹಣ ಕೊಡಬೇಕು. ಕೆಲಸದ ಅರ್ಜಿಯಲ್ಲಾಗಲಿ ಮತದಾರರ ಪಟ್ಟಿಯಲ್ಲಾಗಲಿ "ನಾನು ಅಮೆರಿಕದ ಪ್ರಜೆ" ಎಂದು ಸುಳ್ಳು ಬರೆಯಬಾರದು. ಮಗಳು ಅರ್ಜಿ ಹಾಕುವ ಕಾಲ ಬಂದಾಗ ಈ ಒಂದು ಗುರುತು ಎಲ್ಲವನ್ನೂ ಕೆಡಿಸುತ್ತದೆ.

ನಾಲ್ಕನೆಯದು: ಮೊಮ್ಮಕ್ಕಳ ಕಾಗದಪತ್ರ

ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಆಧಾರದ ಮೇಲೆ, ತಂದೆತಾಯಿಯ ಸ್ಥಿತಿ ಏನೇ ಇರಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಪ್ರಜೆಗಳೆಂದೇ ಪರಿಗಣಿಸುತ್ತಾ ಬರಲಾಗಿದೆ. 2025ರ ಜನವರಿಯ ಅಧ್ಯಕ್ಷೀಯ ಆದೇಶ ಇದನ್ನು ಬದಲಿಸಲು ಹೊರಟಿತಾದರೂ, ಆದೇಶದ ಮಾತಿನಲ್ಲೇ ಅದು ಮುಂದೆ ಹುಟ್ಟುವವರಿಗೆ ಸಂಬಂಧಿಸಿದ್ದು. ಈಗ ಶಾಲೆಗೆ ಹೋಗುತ್ತಿರುವ ಮೊಮ್ಮಕ್ಕಳನ್ನು ಮುಟ್ಟುವುದಿಲ್ಲ. ಶಾಲೆಯ ವಿಷಯದಲ್ಲಿ 1982ರ ಸುಪ್ರೀಂ ಕೋರ್ಟ್ ತೀರ್ಪಿದೆ: ಸ್ಥಿತಿಯಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ.

ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದ್ದಾರೆಯೇ ಎಂದು ಕೇಳಿ. ಹದಿನಾರರೊಳಗಿನ ಮಕ್ಕಳ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು, ಅದರ ಅವಧಿ ಐದೇ ವರ್ಷ. ಒಬ್ಬರು ಬಂಧನದಲ್ಲಿದ್ದಾಗ ಆ ಒಪ್ಪಿಗೆ ಪಡೆಯುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ಅದರ ಜೊತೆಯಲ್ಲೇ ಮಗುವಿಗೆ ಒಸಿಐ ಕಾರ್ಡನ್ನೂ (ಭಾರತೀಯ ಮೂಲದ ವಿದೇಶಿ ಪ್ರಜೆಗೆ ಭಾರತದಲ್ಲಿ ದೀರ್ಘಕಾಲ ಇರಲು ಅವಕಾಶ ಕೊಡುವ ಕಾರ್ಡು) ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಮಾಡಿಸಲಿ. ಇದರ ಅಗತ್ಯ ಕೊನೆಯಲ್ಲಿ ತಿಳಿಯುತ್ತದೆ. ತಂದೆತಾಯಿ ಇಬ್ಬರನ್ನೂ ಹಿಡಿದೊಯ್ದರೆ ಸಂಜೆ ಶಾಲೆಯಿಂದ ಮಗುವನ್ನು ಯಾರು ಕರೆತರುತ್ತಾರೆ, ಆಸ್ಪತ್ರೆಯಲ್ಲಿ ಯಾರು ಸಹಿ ಹಾಕುತ್ತಾರೆ ಎಂಬುದನ್ನು ಆಯಾ ರಾಜ್ಯದ ಕಾನೂನಿನಂತೆ ಬರೆದಿಡಬೇಕು. ಆ ವ್ಯಕ್ತಿ ಯಾರೆಂದು ನಿಮಗೂ ತಿಳಿದಿರಲಿ, ಅವರೊಡನೆ ಒಮ್ಮೆಯಾದರೂ ಮಾತಾಡಿ.

ಅಜ್ಜ ಅಜ್ಜಿ ಪ್ರವಾಸಿ ವೀಸಾ ಪಡೆದು ನೋಡಿಬರಬಹುದೇ? ಅರ್ಜಿ ಹಾಕಬಹುದು. ಆದರೆ ಡಿಎಸ್-160 ಅರ್ಜಿಯಲ್ಲಿ ಅಮೆರಿಕದಲ್ಲಿರುವ ಮಕ್ಕಳು ಮತ್ತು ಅವರ ಸ್ಥಿತಿಯನ್ನು ಕೇಳುತ್ತಾರೆ. ಮಗ ಅವಧಿ ಮೀರಿ ಉಳಿದಿರುವುದು ವೀಸಾ ನಿರಾಕರಣೆಗೆ ಕಾರಣವಾಗಬಹುದು. ಹಾಗೆಂದು ಮಗನೇ ಇಲ್ಲವೆಂದು ಬರೆದರೆ ಅದು ನಿರಾಕರಣೆಗಿಂತ ಕೆಟ್ಟದ್ದು, ಏಕೆಂದರೆ ಸುಳ್ಳು ಹೇಳಿಕೆಯ ಮೇಲೆ ಬೀಳುವ ತಡೆಗೆ ಅವಧಿಯೇ ಇಲ್ಲ. ಅರ್ಜಿ ತುಂಬಿಕೊಡುವ ಏಜೆಂಟರು ಬರೆದದ್ದನ್ನು ಓದಿಸಿ ಕೇಳಿಯೇ ಸಲ್ಲಿಸಿ.

ಐದನೆಯದು: ಇಲ್ಲಿಂದ ಕಳುಹಿಸಬೇಕಾದ ದಾಖಲೆಗಳು

ಯಾವ ದಾರಿ ತೆರೆದರೂ ಮೊದಲು ಕೇಳುವುದು ಜನನ ಪ್ರಮಾಣಪತ್ರ. ಮಲೆನಾಡಿನ ಒಂಟಿಮನೆಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಜನರ ಜನನ ನೋಂದಣಿಯೇ ಆಗಿರುವುದಿಲ್ಲ, ಆಗಿದ್ದರೂ "ಗಂಡು ಮಗು" ಎಂದಷ್ಟೇ ಬರೆದಿರುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ, ಒಂದು ವರ್ಷ ಮೀರಿದ ನೋಂದಣಿಗೆ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಸಾಕು. ದಾಖಲೆ ಸಿಗದಿದ್ದರೆ 'ಲಭ್ಯವಿಲ್ಲ' ಎಂಬ ಹಿಂಬರಹ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಹುಟ್ಟನ್ನು ಕಣ್ಣಾರೆ ಬಲ್ಲ ಹಿರಿಯರ ಅಫಿಡವಿಟ್ ಇವುಗಳನ್ನು ಒಟ್ಟುಗೂಡಿಸಿ. ಆ ಹಿರಿಯರು ಬದುಕಿರುವಾಗಲೇ ಮಾಡಿಸಿ. ಕನ್ನಡದ ದಾಖಲೆಯ ಜೊತೆ ಪೂರ್ಣ ಇಂಗ್ಲಿಷ್ ಅನುವಾದವೂ, ಎರಡೂ ಭಾಷೆ ಬಲ್ಲೆನೆಂಬ ಅನುವಾದಕರ ಸಹಿಯೂ ಇರಬೇಕು.

ಆರನೆಯದು: ತೋಟ, ಪಹಣಿ, ಪಾಲು

ವಿದೇಶದಲ್ಲಿ ಕಾಗದವಿಲ್ಲ ಎಂದ ಮಾತ್ರಕ್ಕೆ ಊರಿನ ಆಸ್ತಿಯ ಹಕ್ಕು ಹೋಗುವುದಿಲ್ಲ. ಆತ ಇಂದಿಗೂ ಭಾರತದ ಪ್ರಜೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವೀಸಾದ ಮಾತೇ ಇಲ್ಲ, 2005ರ ತಿದ್ದುಪಡಿಯ ನಂತರ ಅಲ್ಲಿರುವ ಮಗಳಿಗೂ ಮಗನಷ್ಟೇ ಪಾಲಿದೆ. ಆದರೂ "ಅವನು ಹೇಗೂ ಬರುವಂತಿಲ್ಲ" ಎಂದು ವಂಶವೃಕ್ಷದಲ್ಲಿ ಹೆಸರು ಕೈಬಿಡುವುದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದಿದ್ದರೆ ವಿಷಯ ಹೊರಗೆ ಹಾಕುತ್ತೇವೆ ಎಂದು ಹೆದರಿಸುವುದು ನಡೆದದ್ದುಂಟು. ಒಡಹುಟ್ಟಿದವರೇ ಹೀಗೆ ಮಾಡುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗಿದೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಎಲ್ಲ ಮಕ್ಕಳ ಹೆಸರೂ ಬರಲಿ, ಪೌತಿ ಖಾತೆಯೂ ಹಾಗೆಯೇ ಆಗಲಿ.

ಹೊಸದಾಗಿ ಕೊಡುವ ವಿಷಯದಲ್ಲಿ ಎಚ್ಚರ ಬೇಕು. ಅನಿವಾಸಿ ಭಾರತೀಯರು ಕೃಷಿ ಭೂಮಿ, ತೋಟ, ತೋಟದ ಮನೆಯನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ, ವಾರಸುದಾರರಾಗಿ ಪಡೆಯಬಹುದು. ಆದ್ದರಿಂದ ಅಡಿಕೆ ತೋಟಕ್ಕೆ ದಾನಪತ್ರ ಬರೆಸುವ ಮೊದಲು ವಿಲ್ ಬರೆಯುವ ಬಗ್ಗೆ ಇಲ್ಲಿನ ವಕೀಲರೊಡನೆ ಮಾತಾಡಿ.

ಜಿಪಿಎ ಎಂದು ನಾವು ಕರೆಯುವ ಅಧಿಕಾರಪತ್ರವನ್ನು ಆತ ಅಲ್ಲಿನ ನೋಟರಿಯ ಮುಂದೆ ಸಹಿ ಮಾಡಿ, ಅಪೊಸ್ಟಿಲ್ (ಬೇರೆ ದೇಶದಲ್ಲಿ ಸಲ್ಲುವಂತೆ ಅಲ್ಲಿನ ಸರ್ಕಾರ ಹಾಕುವ ದೃಢೀಕರಣ) ಮಾಡಿಸಿ ಕಳುಹಿಸಬಹುದು; ಭಾರತದ ದೂತಾವಾಸದಲ್ಲಿಯೂ ದೃಢೀಕರಿಸಬಹುದು. ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನಮ್ಮ ಅಣ್ಣ ಕಳುಹಿಸಿದ ಪತ್ರವನ್ನು ದೊಡ್ಡಪ್ಪ ಭದ್ರವಾಗಿರಲಿ ಎಂದು ಬೀರುವಿನಲ್ಲಿಟ್ಟರು, ಅಡಿಕೆ ಕೊಯ್ಲು ಮುಗಿಯಲಿ ಎಂದು ಐದು ತಿಂಗಳು ತೆಗೆಯಲಿಲ್ಲ, ಕೊನೆಗೆ ದಂಡದ ಮಾತು ಬಂತು. ಲಕೋಟೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದು, ಆ ವಾರವೇ ಶಿವಮೊಗ್ಗದ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಹೋಗಿ. ಸರ್ವಾಧಿಕಾರ ಕೊಡುವ ಪತ್ರಕ್ಕಿಂತ ಒಂದೇ ಸರ್ವೆ ನಂಬರಿಗೆ, ಒಂದೇ ಕೆಲಸಕ್ಕೆ ಸೀಮಿತವಾದ ಪತ್ರ ಎಲ್ಲರಿಗೂ ಕ್ಷೇಮ.

ಏಳನೆಯದು: ಬಂಧನದ ಸುದ್ದಿ ಬಂದರೆ

ವಲಸೆ ಕಡತವಿರುವವರಿಗೆ 'ಎ' ಅಕ್ಷರದಿಂದ ಆರಂಭವಾಗುವ ಸಂಖ್ಯೆಯೊಂದಿರುತ್ತದೆ. ಅದನ್ನೂ ಜನ್ಮದಿನಾಂಕ, ಪಾಸ್‌ಪೋರ್ಟಿನ ಪ್ರತಿ, ವಕೀಲರ ಹೆಸರು ಇವುಗಳನ್ನೂ ಒಂದು ಲಕೋಟೆಯಲ್ಲಿಟ್ಟು ಮನೆಯ ಇಬ್ಬರಿಗೆ ತಿಳಿಸಿಡಿ. ಬಂಧಿತರನ್ನು ಹುಡುಕುವ ಅಮೆರಿಕದ ಜಾಲತಾಣದಲ್ಲಿ ಆ ಸಂಖ್ಯೆ ಮತ್ತು ಹುಟ್ಟಿದ ದೇಶ, ಅಥವಾ ಹೆಸರು, ದೇಶ ಮತ್ತು ಜನ್ಮದಿನಾಂಕ ಕೊಟ್ಟು ನೋಡಬಹುದು. ನಮ್ಮವರ ಹೆಸರಿನಲ್ಲಿ ಒಂದು ತೊಡಕಿದೆ. ಊರು ಮತ್ತು ತಂದೆಯ ಇನಿಷಿಯಲ್ ಮಾತ್ರ ಇರುವವರ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ ಇರುತ್ತದೆ. ಆಗ ಅಮೆರಿಕದ ದಾಖಲೆಗಳಲ್ಲಿ ಅವರ ಸ್ವಂತ ಹೆಸರೇ ಕುಟುಂಬದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ 'ಮೊದಲ ಹೆಸರು ತಿಳಿದಿಲ್ಲ' ಎಂಬರ್ಥದ 'ಎಫ್‌ಎನ್‌ಯು' ಎಂದು ಬರುತ್ತದೆ. ಹೆಸರು ಸಿಗದಿದ್ದರೆ ಹಾಗೆ ಹುಡುಕಿ.

1963ರ ವಿಯೆನ್ನಾ ಒಪ್ಪಂದದಂತೆ ಬಂಧಿತರಿಗೆ ತಮ್ಮ ದೇಶದ ದೂತಾವಾಸವನ್ನು ಸಂಪರ್ಕಿಸುವ ಹಕ್ಕಿದೆ, ಆದರೆ ಭಾರತೀಯರ ವಿಷಯದಲ್ಲಿ ಬಂಧಿತರು ತಾವಾಗಿ ಕೇಳಿದರೆ ಮಾತ್ರ ತಿಳಿಸುತ್ತಾರೆ. ಇದನ್ನು ಈಗಲೇ ಮಗನಿಗೆ ಹೇಳಿಡಿ. ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ವಲಸೆ ನ್ಯಾಯಾಲಯದಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದಿಲ್ಲ, ಹಾಗಾಗಿ ಆ ಹಣವನ್ನು ಮೊದಲೇ ಎತ್ತಿಡಬೇಕು. ಓದದೆ, ವಕೀಲರೊಡನೆ ಮಾತಾಡದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಭಯಕ್ಕೆ ವಿಚಾರಣೆ ತಪ್ಪಿಸಬಾರದು. ಗೈರುಹಾಜರಾದರೆ ಆ ದಿನವೇ ಗಡೀಪಾರಿನ ಆದೇಶವಾಗಬಹುದು. ಪ್ರಕರಣ ನಡೆಯುತ್ತಿರುವಾಗ ಮನೆ ಬದಲಿಸಿದರೆ ಐದು ಕೆಲಸದ ದಿನಗಳೊಳಗೆ ನ್ಯಾಯಾಲಯಕ್ಕೆ ಹೊಸ ವಿಳಾಸ ಕೊಡಬೇಕು, ಏಕೆಂದರೆ ನೋಟಿಸು ಹಳೆಯ ವಿಳಾಸಕ್ಕೆ ಹೋದರೂ ತಲುಪಿದಂತೆಯೇ ಲೆಕ್ಕ.

ಕೊನೆಯದು: ಹಿಂದಿರುಗಿ ಬಂದಾಗ

ಪಾಸ್‌ಪೋರ್ಟ್ ಅವಧಿ ಮುಗಿದವರಿಗೆ ಭಾರತದ ದೂತಾವಾಸ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅದು ಊರಿಗೆ ಬರುವ ಒಂದೇ ಪ್ರಯಾಣಕ್ಕೆ ಸಲ್ಲುತ್ತದೆ. ಭಾರತದ ಪಾಸ್‌ಪೋರ್ಟ್ ಉಳ್ಳ ಅನಿವಾಸಿಗಳು ಬಂದ ಮೇಲೆ 182 ದಿನ ಕಾಯದೆ ಆಧಾರ್‌ಗೆ ಅರ್ಜಿ ಹಾಕಬಹುದು. ಅಲ್ಲಿ ಕಟ್ಟಿದ ತೆರಿಗೆಯ ಪತ್ರಗಳು, ಮಕ್ಕಳ ಶಾಲೆಯ ವರ್ಗಾವಣೆ ಪತ್ರ, ಆಸ್ಪತ್ರೆಯ ಕಡತ ಇವನ್ನು ಹೊರಡುವ ಮೊದಲೇ ಒಟ್ಟುಗೂಡಿಸಲಿ.

ಜೊತೆಗೆ ಬರುವ ಮಕ್ಕಳ ವಿಷಯದಲ್ಲಿ ಮಾತ್ರ ಆತುರ ಬೇಡ. ತಂದೆತಾಯಿ ಭಾರತೀಯರೇ ಆದರೂ ಅಮೆರಿಕದ ಪಾಸ್‌ಪೋರ್ಟ್ ಹಿಡಿದ ಮಗು ಇಲ್ಲಿನ ಕಾನೂನಿಗೆ ವಿದೇಶಿಯೇ. ಅವಸರದಲ್ಲಿ ಪ್ರವಾಸಿ ವೀಸಾ ಮಾಡಿಸಿ ಕರೆತಂದು, ಶಿವಮೊಗ್ಗದ ಶಾಲೆಗೆ ಸೇರಿಸಿ, ಅಜ್ಜಿಯ ಮನೆಯಲ್ಲಿ ಇದೆಯಲ್ಲ ಎಂದು ಸುಮ್ಮನಾದರೆ, ವೀಸಾದ ದಿನ ಮುಗಿದ ಮರುದಿನದಿಂದ ಆ ಮಗು ಮಲೆನಾಡಿನಲ್ಲಿ ಕಾಗದವಿಲ್ಲದ ವಿದೇಶಿಯಾಗುತ್ತದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಒಸಿಐ ಕಾರ್ಡನ್ನು ಅಲ್ಲಿಂದಲೇ ಮಾಡಿಸಿ ತರಬೇಕು ಎಂದದ್ದು ಇದಕ್ಕಾಗಿ. ಅದಿಲ್ಲದೆಯೇ ಮಗು ಈಗಾಗಲೇ ಬಂದಿದ್ದರೆ, ವೀಸಾದ ಕೊನೆಯ ದಿನಾಂಕವನ್ನು ಇಂದೇ ನೋಡಿ, ಅದಕ್ಕಿಂತ ಮೊದಲು ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಿ.